ಜಿಂಕೆಗಣ್ಣಿನ ಸಿಹಿಯುಂಡೆ

ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ರಿಸ್‌ಮಸ್ ಹತ್ತಿರವಾಯಿತೆಂದರೆ ಬಹಳಷ್ಟು ಮನೆಗಳಲ್ಲಿ ಒಂದು ಬಗೆಯ ಉಂಡೆ ಸಿದ್ಧವಾಗುತ್ತದೆ. ಕಡಲೆಕಾಯಿ ಬೀಜವನ್ನು ಹುರಿದು ನುಣ್ಣಗೆ ಅರೆದ ‘ಪೀನಟ್ ಬಟರ್’ಗೆ ಬೆಣ್ಣೆ, ಪುಡಿ ಸಕ್ಕರೆ, ತುಸು ವೆನಿಲ್ಲಾ ಬೆರೆಸಿ ನಾದಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟುತ್ತಾರೆ. ಉಂಡೆ ತಣ್ಣಗಾಗಿ ಗಟ್ಟಿಯಾದ ಮೇಲೆ ಹಲ್ಲುಕಡ್ಡಿಗೆ ಚುಚ್ಚಿ, ಕರಗಿಸಿದ ಚಾಕೊಲೇಟಿನಲ್ಲಿ ಅದ್ದುತ್ತಾರೆ. ಪೂರ್ತಿ ಮುಳುಗಿಸುವುದಿಲ್ಲ, ನೆತ್ತಿಯ ಮೇಲೆ ದುಂಡಗೆ ಸ್ವಲ್ಪ ಜಾಗ ಬಿಡುತ್ತಾರೆ. ಕಂದು ಮೈ, ಮೇಲೊಂದು ತಿಳಿ ಬಣ್ಣದ ಬೊಟ್ಟು. ಇದರ ಹೆಸರು ‘ಬಕೈ’. ಗಂಡು ಜಿಂಕೆಯ ಕಣ್ಣು ಎಂದು ಅದರ ಅರ್ಥ.

ಹೆಸರು ಬಂದದ್ದು ಒಂದು ಮರದಿಂದ. ಒಹಾಯೊದ ಬಕೈ ಮರದ ಬೀಜ ಹೊಳೆಯುವ ಕಂದು ಬಣ್ಣದ್ದು, ಅದರ ಮೇಲೆ ಮಾಸಲು ಬಿಳಿಯ ಮಚ್ಚೆ. ನೋಡಿದರೆ ಜಿಂಕೆಯ ಕಣ್ಣಿನಂತೆಯೇ ಕಾಣುತ್ತದೆ. 1840ರ ಅಧ್ಯಕ್ಷೀಯ ಚುನಾವಣೆಯಲ್ಲಿ ಒಹಾಯೊದ ವಿಲಿಯಂ ಹೆನ್ರಿ ಹ್ಯಾರಿಸನ್ ಅವರ ಬೆಂಬಲಿಗರು ಈ ಮರದ ಊರುಗೋಲುಗಳನ್ನು ಹಿಡಿದು ಮೆರವಣಿಗೆ ಹೊರಟರು. ಕ್ರಮೇಣ ಒಹಾಯೊದ ಜನರಿಗೇ ‘ಬಕೈ’ಗಳೆಂಬ ಹೆಸರು ಅಂಟಿಕೊಂಡಿತು. 1953ರಲ್ಲಿ ಇದು ರಾಜ್ಯದ ಅಧಿಕೃತ ಮರವಾಯಿತು. ಬೀಜವನ್ನು ಅದೃಷ್ಟಕ್ಕೆಂದು ಜೇಬಿನಲ್ಲಿಟ್ಟುಕೊಳ್ಳುವವರೂ ಇದ್ದಾರೆ. ಆದರೆ ತಿನ್ನುವಂತಿಲ್ಲ; ಹಸಿ ಬೀಜ ವಿಷ. ತಿನ್ನಬಾರದ ಬೀಜದ ಪ್ರತಿರೂಪವನ್ನು ತಿನ್ನುವ ಪದಾರ್ಥದಲ್ಲಿ ಮಾಡಿಕೊಂಡದ್ದು ಇಲ್ಲಿನ ಸ್ವಾರಸ್ಯ.

ಈ ಉಂಡೆ ಮನೆಮಾತಾದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. ಆದರೆ ಅದರೊಳಗಿನ ಪದಾರ್ಥಗಳ ಕಥೆ ಬಹಳ ಹಳೆಯದು, ಅಷ್ಟೇನೂ ಸಿಹಿಯಲ್ಲದ್ದು.

ಗುಲಾಮರ ಜೊತೆಗೆ ಬಂದ ಕಾಯಿ

ಮೈಸೂರು ಕಡೆಯವರು ಕಡಲೆಕಾಯಿ ಎನ್ನುವ, ಧಾರವಾಡ ಕಡೆಯವರು ಶೇಂಗಾ ಎನ್ನುವ, ಕರಾವಳಿಯವರು ನೆಲಗಡಲೆ ಎನ್ನುವ ಈ ಬೆಳೆಯ ತವರು ದಕ್ಷಿಣ ಅಮೆರಿಕ. ಪೆರು ದೇಶದ ಸಿಪಾನ್ ಎಂಬಲ್ಲಿ 1987ರಲ್ಲಿ ಬೆಳಕಿಗೆ ಬಂದ ಮೋಚೆ ದೊರೆಯ ಸಮಾಧಿಯಲ್ಲಿ ಚಿನ್ನ ಬೆಳ್ಳಿಯ ಕಡಲೆಕಾಯಿಗಳನ್ನು ಪೋಣಿಸಿದ ಹಾರವೇ ಸಿಕ್ಕಿತು. ಕೋಕೋ ಮರದ ತವರೂ ಅದೇ ಖಂಡ. ಒಂದೇ ನೆಲದಲ್ಲಿ ಹುಟ್ಟಿದರೂ ಎರಡರ ಹಣೆಬರಹ ಬೇರೆಯಾಯಿತು. ಮೆಕ್ಸಿಕೊದ ಅಜ್ಟೆಕ್ ಜನರಲ್ಲಿ ಕೋಕೋ ಬೀಜ ನಾಣ್ಯವಾಗಿ ಚಲಾವಣೆಯಲ್ಲಿತ್ತು, ಅದರ ಪಾನೀಯ ಸಿರಿವಂತರ ಸೊತ್ತಾಗಿತ್ತು. ಸ್ಪೇನಿಗೆ ಹೋದ ಮೇಲೂ ಅದು ಅರಮನೆಗಳಲ್ಲೇ ಉಳಿಯಿತು.

ಕಡಲೆಕಾಯಿಯ ಹಾದಿ ಬಡವರ ಹಾದಿ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಅದನ್ನು ಆಫ್ರಿಕಾಕ್ಕೆ ಒಯ್ದವು. ಅಲ್ಲಿಂದ ಉತ್ತರ ಅಮೆರಿಕಕ್ಕೆ ಅದು ಬಂದದ್ದು ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಲ್ಲಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಡಲೆಕಾಯಿಗಿರುವ ‘ಗೂಬರ್’ ಎಂಬ ಹೆಸರು ಕಾಂಗೊ ಭಾಗದ ‘ಎನ್‌ಗುಬ’ ಎಂಬ ಮಾತಿನಿಂದ ಬಂದದ್ದು. ಬಹುಕಾಲ ಅದು ಗುಲಾಮರ ಆಹಾರ, ಹಂದಿಗಳ ಮೇವು ಎಂದೇ ಬಿಳಿಯರು ಮೂಗು ಮುರಿಯುತ್ತಿದ್ದರು.

ಈ ತಾತ್ಸಾರ ಹೋಗಲು ಒಂದು ಹುಳು ಕಾರಣವಾಯಿತು. ಮೆಕ್ಸಿಕೊದಿಂದ ಬಂದ ಹತ್ತಿಕಾಯಿಯ ಸೊಂಡಿಲು ಹುಳು 20ನೇ ಶತಮಾನದ ಆರಂಭದಲ್ಲಿ ದಕ್ಷಿಣದ ಹತ್ತಿ ಹೊಲಗಳನ್ನು ನೆಲಸಮ ಮಾಡಿತು. ರೈತರು ಬೇರೆ ದಾರಿ ಕಾಣದೆ ಕಡಲೆಕಾಯಿಗೆ ತಿರುಗಿದರು, ಚೇತರಿಸಿಕೊಂಡರು. ಅಲಬಾಮಾದ ಎಂಟರ್‌ಪ್ರೈಸ್ ಪಟ್ಟಣದವರಂತೂ ತಮ್ಮನ್ನು ಹತ್ತಿಯಿಂದ ಬಿಡಿಸಿದ ಆ ಹುಳುವಿಗೇ 1919ರಲ್ಲಿ ಸ್ಮಾರಕ ನಿಲ್ಲಿಸಿದರು!

ಆಗ ರೈತರಿಗೆ ದಾರಿ ತೋರಿದವರಲ್ಲಿ ಒಬ್ಬರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮಗಿರಿಯಲ್ಲೇ ಹುಟ್ಟಿ, ಟಸ್ಕೀಗಿ ವಿದ್ಯಾಸಂಸ್ಥೆಯ ಕೃಷಿ ವಿಜ್ಞಾನಿಯಾದ ಕರಿಯ ಜನಾಂಗದ ಸಾಧಕ. ಕಡಲೆಕಾಯಿಯಿಂದ ಮಾಡಬಹುದಾದ 105 ಅಡಿಗೆಗಳ ಕಿರುಹೊತ್ತಗೆಯನ್ನು 1916ರಲ್ಲಿ ಪ್ರಕಟಿಸಿದರು. ಪೀನಟ್ ಬಟರ್ ಕಂಡುಹಿಡಿದವರು ಇವರೇ ಎಂಬ ಮಾತು ವ್ಯಾಪಕವಾಗಿದ್ದರೂ ಅದು ನಿಜವಲ್ಲ. ಅವರ ಸಾಧನೆ ಬೇರೆಯದು. ಹತ್ತಿ ಬೆಳೆದು ಬೆಳೆದು ಸತ್ವ ಕಳೆದುಕೊಂಡ ನೆಲಕ್ಕೆ ಸಾರಜನಕ ಸೇರಿಸುವ ಬೆಳೆ ಇದೆಂದು ಬಡ ರೈತರಿಗೆ ಮನವರಿಕೆ ಮಾಡಿಕೊಟ್ಟವರು ಅವರು.

ಬೆಣ್ಣೆಯಿಲ್ಲದ ಬೆಣ್ಣೆ

ಹಾಗಾದರೆ ಪೀನಟ್ ಬಟರ್ ಯಾರದು? ಹೆಸರಿನಲ್ಲಿ ಬೆಣ್ಣೆ ಇದ್ದರೂ ಅದರಲ್ಲಿ ಹಾಲಿನ ಅಂಶವಿಲ್ಲ. ಕೆನಡಾದ ಮಾಂಟ್ರಿಯಲ್ ನಗರದ ಮಾರ್ಸೆಲಸ್ ಎಡ್ಸನ್ 1884ರಲ್ಲಿ ಹುರಿದ ಬೀಜವನ್ನು ಬಿಸಿ ಮೇಲ್ಮೈಗಳ ನಡುವೆ ಅರೆದು ಮುದ್ದೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅವರ ಉದ್ದೇಶವಿದ್ದದ್ದು ಮಿಠಾಯಿ ತಯಾರಿಕೆ. 1895ರಲ್ಲಿ ಮಿಷಿಗನ್ ರಾಜ್ಯದ ಡಾ. ಜಾನ್ ಹಾರ್ವೆ ಕೆಲಾಗ್ ತಮ್ಮದೊಂದು ವಿಧಾನಕ್ಕೆ ಅರ್ಜಿ ಹಾಕಿದರು. ಕಾರ್ನ್‌ಫ್ಲೇಕ್ಸ್‌ನಿಂದ ಹೆಸರಾದ ಇದೇ ವೈದ್ಯರು ತಮ್ಮ ಆರೋಗ್ಯಧಾಮದ ರೋಗಿಗಳಿಗೆ ಮಾಂಸದ ಬದಲು ಕೊಡಲು ಇದನ್ನು ಬಳಸಿದರು.

ಒಂದು ತೊಡಕು ಮಾತ್ರ ಉಳಿದಿತ್ತು. ಅರೆದ ಮುದ್ದೆಯನ್ನು ನಾಲ್ಕು ದಿನ ಇಟ್ಟರೆ ಎಣ್ಣೆ ಮೇಲೆ ತೇಲಿ, ಹಿಟ್ಟು ತಳ ಹಿಡಿಯುತ್ತಿತ್ತು. ಎಣ್ಣೆ ಬೇಗ ಕಮಟಾಗುತ್ತಿತ್ತು. 1920ರ ದಶಕದಲ್ಲಿ ಜೋಸೆಫ್ ರೋಸ್‌ಫೀಲ್ಡ್, ಎಣ್ಣೆಯ ಸ್ವಲ್ಪ ಭಾಗಕ್ಕೆ ಜಲಜನಕ ಹಾಯಿಸಿ ಗಟ್ಟಿಗೊಳಿಸಿದರೆ ಎಲ್ಲವೂ ಒಂದಾಗಿ ನಿಲ್ಲುತ್ತದೆಂದು ತೋರಿಸಿದರು. ಆ ಮೇಲೆ ಪೀನಟ್ ಬಟರ್ ಸೀಸೆಗಳಲ್ಲಿ ದೂರದೂರಿಗೆ ಹೋಯಿತು. ಒಡೆಯದೆ ಉಂಡೆಯಾಗಿ ನಿಲ್ಲುವ ಹಿಟ್ಟು ಮನೆಯವರ ಕೈಗೆ ಸಿಕ್ಕದ್ದೂ ಹೀಗೆಯೇ.

ಚಾಕೊಲೇಟ್ ಕೂಡ ಅಷ್ಟರಲ್ಲಿ ಅರಮನೆಯಿಂದ ಇಳಿದು ಬಂದಿತ್ತು. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಕೋಕೋದಿಂದ ಕೊಬ್ಬು ಹಿಂಡುವ ಯಂತ್ರಕ್ಕೆ ಪೇಟೆಂಟ್ ಪಡೆದರು, 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ ಜಗಿದು ತಿನ್ನುವ ಚಾಕೊಲೇಟ್ ಮಾಡಿತು, 1875ರಲ್ಲಿ ಸ್ವಿಟ್ಜರ್‌ಲೆಂಡಿನ ಡೇನಿಯಲ್ ಪೀಟರ್ ಅದಕ್ಕೆ ಹಾಲು ಸೇರಿಸಿದರು.

ಇವೆರಡನ್ನು ಕೂಡಿಸಿ ಹೆಸರು ಮಾಡಿದವರು ಪೆನ್ಸಿಲ್ವೇನಿಯಾದ ಎಚ್. ಬಿ. ರೀಸ್. ಹರ್ಷಿ ಚಾಕೊಲೇಟ್ ಕಂಪನಿಯ ಹೈನು ತೋಟದಲ್ಲಿ ಕೆಲಸಕ್ಕಿದ್ದ ಈತ, 16 ಮಕ್ಕಳ ತಂದೆ. ಸಂಸಾರ ತೂಗಿಸಲು ಮನೆಯ ನೆಲಮಾಳಿಗೆಯಲ್ಲಿ ಮಿಠಾಯಿ ಮಾಡತೊಡಗಿದರು. 1928ರಲ್ಲಿ ಅವರು ತಯಾರಿಸಿದ ‘ಪೀನಟ್ ಬಟರ್ ಕಪ್’ ಮೊದಮೊದಲು ಒಂದು ಸೆಂಟಿಗೆ ಒಂದರಂತೆ ಮಾರಾಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದಾಗ, ಕಡಿಮೆ ಸಕ್ಕರೆ ಬೇಡುವ ಇದೊಂದನ್ನೇ ಉಳಿಸಿಕೊಂಡು ಉಳಿದ ಮಿಠಾಯಿಗಳನ್ನು ಕೈಬಿಟ್ಟರು. ಅವರು ತೀರಿಕೊಂಡ ಮೇಲೆ 1963ರಲ್ಲಿ ಅವರ ಕಂಪನಿ ಹರ್ಷಿಯಲ್ಲೇ ವಿಲೀನವಾಯಿತು.

ಕರಗಿಸುವ ಕಷ್ಟ

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದನ್ನು ಮನೆಯಲ್ಲಿ ಕಷ್ಟಪಟ್ಟು ಮಾಡುವುದೇಕೆ? ಕಷ್ಟವಂತೂ ಇದೆ. ಚಾಕೊಲೇಟನ್ನು ನೇರ ಉರಿಯ ಮೇಲಿಟ್ಟರೆ ಸೀಯುತ್ತದೆ. ಕುದಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಹಬೆಯಲ್ಲಿ ಕರಗಿಸಬೇಕು. ಒಂದು ಹನಿ ನೀರು ಬಿದ್ದರೂ ಗಂಟುಗಂಟಾಗುತ್ತದೆ. ಕೋಕೋ ಕೊಬ್ಬು ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು. ಅವುಗಳಲ್ಲಿ ಒಂದು ಬಗೆ ಮಾತ್ರ ಹೊಳಪು ಕೊಟ್ಟು, ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಾಲಿಗೆಯ ಮೇಲೆ, ಕರಗುತ್ತದೆ. ಹದ ತಪ್ಪಿದರೆ ಮೇಲೆ ಬೂದಿ ಬಳಿದಂತೆ ಬಿಳಿ ಪೊರೆ ಕಟ್ಟುತ್ತದೆ. ಈ ಗೊಡವೆಯೇ ಬೇಡವೆಂದು ಅಲ್ಲಿನ ಗೃಹಿಣಿಯರು ಚಾಕೊಲೇಟಿಗೆ ತುಸು ತಿನ್ನಬಹುದಾದ ಮೇಣವನ್ನೋ ವನಸ್ಪತಿಯನ್ನೋ ಬೆರೆಸುವ ಉಪಾಯ ಕಂಡುಕೊಂಡರು.

ಆದರೂ ಮಾಡುತ್ತಾರೆ, ಏಕೆಂದರೆ ಇದು ಹಂಚುವ ತಿಂಡಿ. ಮಂಗಳೂರಿನ ಕ್ರೈಸ್ತರು ಕ್ರಿಸ್‌ಮಸ್‌ಗೆ ಕುಸ್ವಾರ್ ಮಾಡಿ ನೆರೆಹೊರೆಗೆ ಕೊಡುವಂತೆ, ನಾಗರ ಪಂಚಮಿಗೆ ಉತ್ತರ ಕರ್ನಾಟಕದವರು ಶೇಂಗಾ ಉಂಡೆ ಬೀರುವಂತೆ, ಒಹಾಯೊದವರು ತಗಡಿನ ಡಬ್ಬಗಳಲ್ಲಿ ಬಕೈ ತುಂಬಿ ಬಂಧುಗಳಿಗೆ, ಅಂಚೆಯವನಿಗೆ, ಶಾಲೆಯ ಟೀಚರಿಗೆ ಕೊಡುತ್ತಾರೆ. ಊರು ಬಿಟ್ಟವರಿಗೆ ಪಾರ್ಸೆಲ್ ಹೋಗುತ್ತದೆ.

ಈ ಹಂಚಿಕೆಗೂ ಈಗ ಎಚ್ಚರ ಬೇಕಾಗಿದೆ. ಕಡಲೆಕಾಯಿ ಒಗ್ಗದವರಿಗೆ ಅದರ ಚೂರು ಕೂಡ ಪ್ರಾಣಾಪಾಯ ತರಬಲ್ಲದು. ಪೊಟ್ಟಣದ ಮೇಲೆ ಇದನ್ನು ಸ್ಪಷ್ಟವಾಗಿ ಮುದ್ರಿಸಬೇಕೆಂಬ ಕಾನೂನು ಅಮೆರಿಕದಲ್ಲಿ 2004ರಲ್ಲಿ ಬಂತು. ಮನೆಯಲ್ಲಿ ಮಾಡಿದ ಡಬ್ಬಕ್ಕೆ ಯಾವ ಮುದ್ರೆಯೂ ಇರುವುದಿಲ್ಲ. ಕೊಡುವವರೇ ಬಾಯಿಬಿಟ್ಟು ಹೇಳಬೇಕು. ಅಪಾಯವಿರುವ ಹಸುಳೆಗಳಿಗೆ ವೈದ್ಯರ ಸಲಹೆಯಂತೆ ಬೇಗನೆ ಕಡಲೆಕಾಯಿ ರೂಢಿ ಮಾಡಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆಂದು ಲಂಡನ್ನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ.

ಡಬ್ಬದ ಮೇಲೆ ಬರೆಯದ ಇನ್ನೊಂದು ಸಂಗತಿಯಿದೆ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿನ ತೋಟಗಳಲ್ಲಿ ಮಕ್ಕಳ ದುಡಿಮೆಯ ಅತಿ ಹೀನ ರೂಪಗಳನ್ನು 2005ರೊಳಗೆ ಕೊನೆಗಾಣಿಸುವುದಾಗಿ ದೊಡ್ಡ ಚಾಕೊಲೇಟ್ ಕಂಪನಿಗಳು 2001ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಗಡುವು ಕಳೆಯಿತು, ಮತ್ತೆ ಮತ್ತೆ ಮುಂದಕ್ಕೆ ಹೋಯಿತು, ಮಾತು ಪೂರ್ತಿಯಾಗಿಲ್ಲ. ಗುಲಾಮರ ಹಡಗಿನಲ್ಲಿ ಬಂದ ಕಡಲೆಕಾಯಿಗೆ ಬಿಡುಗಡೆಯ ಕಥೆಯೊಂದು ದಕ್ಕಿತು. ಅದರ ಮೇಲೆ ಹೊದಿಸುವ ಚಾಕೊಲೇಟಿಗೆ ಅಂಥ ಕಥೆ ಇನ್ನೂ ದಕ್ಕಬೇಕಿದೆ.