ಅಳತೆಯ ಪರಿವರ್ತನೆಯೂ ಎಚ್ಚರಿಕೆಯ ಸೂಚನೆಯೂ: ಗೋಳಗುಮ್ಮಟದ ನಿದರ್ಶನದೊಡನೆ ಒಂದು ಚಾರಿತ್ರಿಕ ಸಮೀಕ್ಷೆ

1. ವಿಷಯ ಪ್ರವೇಶ

ಒಂದು ಪದ್ಧತಿಯಲ್ಲಿ ಬರೆದಿಟ್ಟ ಅಳತೆಯನ್ನು ಮತ್ತೊಂದು ಪದ್ಧತಿಗೆ ತಿರುಗಿಸಿ ಬರೆಯುವುದು ಮೇಲುನೋಟಕ್ಕೆ ಕೇವಲ ಗುಮಾಸ್ತಿಕೆಯ ಕೆಲಸವೆಂದು ತೋರುತ್ತದೆ. ಆದರೆ ಅಳತೆಯೆಂಬುದು ಬರಿಯ ಅಂಕೆಯಲ್ಲ. ಯಾವುದನ್ನು ಅಳೆದರು, ಎಲ್ಲಿಂದ ಎಲ್ಲಿಗೆ ಅಳೆದರು, ಯಾವ ಮಾನದಿಂದ ಅಳೆದರು ಎಂಬ ಮೂರು ಸಂಗತಿಗಳು ಅಂಕೆಯ ಬೆನ್ನಿಗೆ ಇದ್ದೇ ಇರುತ್ತವೆ. ಪರಿವರ್ತನೆಯಲ್ಲಿ ಅಂಕೆ ಉಳಿದು ಈ ಸಂಗತಿಗಳಲ್ಲೊಂದು ಉದುರಿಹೋದರೆ, ಬರಹ ಶುದ್ಧವಾಗಿಯೇ ಕಾಣುತ್ತದೆ. ಅರ್ಥ ಮಾತ್ರ ಕೆಟ್ಟಿರುತ್ತದೆ.

ಕಟ್ಟಡಗಳ ಬಲಾಬಲವನ್ನು ಗಣಕಯಂತ್ರದಲ್ಲಿ ಪರಿಶೀಲಿಸುವ ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯಲ್ಲಿ ಈ ಪ್ರಶ್ನೆ ದಿನನಿತ್ಯದ್ದಾಗಿದೆ. ಒಂದು ಪ್ರೋಗ್ರಾಮಿಗಾಗಿ ಸಿದ್ಧಪಡಿಸಿದ ದತ್ತಾಂಶದ ಫೈಲನ್ನು ಮತ್ತೊಂದು ಪ್ರೋಗ್ರಾಮು ಓದುವಂತೆ ಮಾರ್ಪಡಿಸಿದಾಗ, ಪರಿವರ್ತಕವು ಕೆಲವು ಸೂಚನೆಗಳನ್ನು ಮುದ್ರಿಸುತ್ತದೆ. ಕೆಲವು ದೋಷಸೂಚನೆಗಳು, ಅವು ಕೆಲಸವನ್ನು ಅಲ್ಲಿಗೇ ನಿಲ್ಲಿಸುತ್ತವೆ. ಕೆಲವು ಎಚ್ಚರಿಕೆಗಳು; ಅವುಗಳನ್ನು ಓದಿದರೂ ಓದದಿದ್ದರೂ ಕೆಲಸ ಮುಂದೆ ಸಾಗುತ್ತದೆ. ವಿದ್ಯಾರ್ಥಿಗಳು ದೋಷವನ್ನು ತಿದ್ದುತ್ತಾರೆ, ಏಕೆಂದರೆ ತಿದ್ದದೆ ಗತಿಯಿಲ್ಲ; ಎಚ್ಚರಿಕೆಯನ್ನು ದಾಟಿ ಹೋಗುತ್ತಾರೆ. ಆದರೆ ಕೂಗಿ ಹೇಳುವ ದೋಷಕ್ಕಿಂತ ಮೆಲ್ಲನೆ ನುಡಿಯುವ ಎಚ್ಚರಿಕೆಯೂ, ಅದಕ್ಕಿಂತಲೂ ಹೆಚ್ಚಾಗಿ ಯಾವ ಸೂಚನೆಯೂ ಇಲ್ಲದ ಮೌನವೂ ಅಪಾಯಕರವೆಂಬುದನ್ನು ಅಳತೆಗಳ ಚರಿತ್ರೆಯಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

2. ಗೋಳಗುಮ್ಮಟದ ಅಳತೆಗಳು

ವಿಜಯಪುರದ ಗೋಳಗುಮ್ಮಟವು 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್ ಶಾಹನ ಸಮಾಧಿಯೆಂಬುದು ಸರ್ವವಿದಿತ. ಜೇಮ್ಸ್ ಫರ್ಗ್ಯುಸನ್ನನು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಟ್ಟಡವನ್ನು ಪಾಶ್ಚಾತ್ಯ ವಿದ್ವಾಂಸರಿಗೆ ಪರಿಚಯಿಸುವಾಗ, ಒಳಗಿನ ಚೌಕದ ಪ್ರತಿಯೊಂದು ಬದಿಯೂ 135 ಅಡಿ ಎಂದು ಹೇಳಿ, ನೆಲದ ವಿಸ್ತೀರ್ಣವನ್ನು 18,225 ಚದರ ಅಡಿ ಎಂದು ಲೆಕ್ಕಹಾಕಿದನು. ಅನಂತರ ಬಳಕೆಗೆ ಬಂದ ಸೂಕ್ಷ್ಮತರ ಅಳತೆಯಂತೆ ಬದಿಯ ಉದ್ದ 135 ಅಡಿ 5 ಅಂಗುಲ, ವಿಸ್ತೀರ್ಣ 18,337.67 ಚದರ ಅಡಿ. ಐದೇ ಅಂಗುಲವನ್ನು ಬಿಟ್ಟುದರಿಂದ ನೂರಹನ್ನೆರಡು ಚದರ ಅಡಿಗೂ ಮಿಕ್ಕಿದ ನೆಲ ಲೆಕ್ಕದಿಂದ ಜಾರಿಹೋಗಿತ್ತು.

ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಕಮಾನುಗಳನ್ನು ಹೊತ್ತ ಕಂಬಗಳ ಮೂಲೆಗಳು ಒಳಗಿನ ನೆಲದ ಮೇಲೆ ಚಾಚಿಕೊಂಡಿವೆ. ಅವು ಆಕ್ರಮಿಸಿದ 228.32 ಚದರ ಅಡಿಯನ್ನು ಕಳೆದರೆ ಗುಮ್ಮಟದಿಂದ ಮುಚ್ಚಲ್ಪಟ್ಟ ತೆರವಾದ ನೆಲ 18,109.35 ಚದರ ಅಡಿಯಷ್ಟೇ ಉಳಿಯುತ್ತದೆ. ಹೀಗೆ ಒಂದೇ ಕಟ್ಟಡದ ಒಂದೇ ನೆಲಕ್ಕೆ ಮೂರು ಅಂಕೆಗಳು. ಮೊದಲನೆಯದು ಸ್ಥೂಲ, ಎರಡನೆಯದೂ ಮೂರನೆಯದೂ ಸೂಕ್ಷ್ಮವಾದವು, ಆದರೆ ಬೇರೆ ಬೇರೆ ವಸ್ತುಗಳ ಅಳತೆಗಳು. ಮೆಟ್ರಿಕ್ ಪದ್ಧತಿಗೆ ತಿರುಗಿಸಿದಾಗ ಇವು ಕ್ರಮವಾಗಿ 1,693, 1,704 ಮತ್ತು 1,682 ಚದರ ಮೀಟರುಗಳಾಗುತ್ತವೆ. ಜನಪ್ರಿಯ ಗ್ರಂಥಗಳಲ್ಲಿ ಇವೆಲ್ಲವೂ ದುಂಡಗಾಗಿ 1,700 ಎಂಬ ಒಂದೇ ಅಂಕೆಯಲ್ಲಿ ಅಡಗಿಬಿಡುತ್ತವೆ. ಆ ಅಂಕೆಯನ್ನು ಸುಳ್ಳೆನ್ನಲಾಗದು. ಆದರೆ ಅದು ಯಾವ ನೆಲದ ಅಳತೆಯೆಂಬುದನ್ನು ಅದರಿಂದ ಮರಳಿ ತಿಳಿಯಲು ದಾರಿಯಿಲ್ಲ.

ವ್ಯಾಸದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚಿನದು. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ 5 ಅಂಗುಲ, ಎಂದರೆ 37.92 ಮೀಟರು, ಹೊರವ್ಯಾಸ 144 ಅಡಿ, ಎಂದರೆ ಸುಮಾರು 43.9 ಮೀಟರು. ರೋಮಿನ ಪ್ಯಾಂಥಿಯನ್ನಿನ ಒಳವ್ಯಾಸ ಸುಮಾರು 43.3 ಮೀಟರು. ನಮ್ಮ ಹೊರವ್ಯಾಸವನ್ನು ಅವರ ಒಳವ್ಯಾಸದೊಡನೆ ತೂಗಿದರೆ ಗೋಳಗುಮ್ಮಟವೇ ದೊಡ್ಡದೆಂದು ತೋರುವುದು. ಒಳವ್ಯಾಸಗಳನ್ನೇ ಹೋಲಿಸಿದರೆ ಪ್ಯಾಂಥಿಯನ್ ಐದು ಮೀಟರಿಗೂ ಹೆಚ್ಚು ಅಗಲ. ಎರಡು ಅಂಕೆಗಳೂ ಸತ್ಯ. ‘ಒಳ’, ‘ಹೊರ’ ಎಂಬ ಹಣೆಪಟ್ಟಿ ಕಳಚಿದೊಡನೆ ತೀರ್ಮಾನ ಅಸತ್ಯವಾಯಿತು.

3. ಎಕರೆ, ಗುಂಟೆ ಮತ್ತು ದಶಮಾಂಶ

ಅರಸರ ಸಮಾಧಿಯಿಂದ ರೈತರ ಹೊಲಕ್ಕೆ ಬಂದರೂ ಸಂಗತಿ ಇದೇ. ವಿಜಯಪುರ ಪ್ರಾಂತವು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಆ ಆಧಿಪತ್ಯದ ಭೂಮಾಪನದ ಮಾನಗಳೇ ಇಲ್ಲಿ ನೆಲೆನಿಂತವು. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಈಗ ತಾಲೂಕು ಕೇಂದ್ರಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರಗಳ ದ್ರಾಕ್ಷಿಯ ತೋಟವಾಗಲಿ ಜೋಳದ ಹೊಲವಾಗಲಿ, ಪಹಣಿಯಲ್ಲಿ ಅದರ ಕ್ಷೇತ್ರ ದಾಖಲಾಗಿರುವುದು ಈ ಮಾನದಲ್ಲಿಯೇ. ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸಲು ನಡುವೆ ಚುಕ್ಕೆಯನ್ನಿಡುವ ರೂಢಿಯೂ ಉಂಟು.

ಎರಡು ಎಕರೆ ಇಪ್ಪತ್ತು ಗುಂಟೆಯ ಹೊಲ 2.20 ಎಂದು ಬರೆಯಲ್ಪಟ್ಟಿದೆ ಎನ್ನೋಣ. ಇದರ ಅರ್ಥ ಎರಡೂವರೆ ಎಕರೆ. ಈ ಚುಕ್ಕೆಯನ್ನು ದಶಮಾಂಶದ ಚುಕ್ಕೆಯೆಂದು ಬಗೆದವನಿಗೆ ಅದು ಎರಡು ಎಕರೆ ಎಂಟು ಗುಂಟೆಯಾಗಿ ಕಾಣುತ್ತದೆ. ಹನ್ನೆರಡು ಗುಂಟೆ, ಎಂದರೆ 13,068 ಚದರ ಅಡಿ ನೆಲ, ಒಂದು ಚುಕ್ಕೆಯಲ್ಲಿ ಕರಗಿತು. ಯಂತ್ರಕ್ಕೆ ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ, ಏಕೆಂದರೆ 2.20 ಎಂಬುದು ಎರಡೂ ಪದ್ಧತಿಗಳಲ್ಲಿ ಸಾಧುವಾದ ಬರಹ. ಇದಕ್ಕೆ ಪ್ರತಿಯಾಗಿ, ದಶಮಾಂಶದಲ್ಲಿ ಬರೆದ 2.50 ಎಕರೆಯನ್ನು ಎಕರೆ-ಗುಂಟೆಯೆಂದು ಓದಹೊರಟರೆ ಐವತ್ತು ಗುಂಟೆ ಎಂದಾಗುತ್ತದೆ. ನಲವತ್ತಕ್ಕೇ ಎಕರೆ ತುಂಬುವುದರಿಂದ ಅಂಥ ಬರಹ ಅಸಂಭವ. ನಿಯಮ ತಿಳಿದ ಯಂತ್ರ ಅದನ್ನು ತಡೆದು ದೋಷವೆಂದು ಸಾರುತ್ತದೆ. ತಪ್ಪು ಒಂದೇ ಜಾತಿಯದು. ಒಂದೆಡೆ ಸಿಕ್ಕಿಬಿತ್ತು, ಮತ್ತೊಂದೆಡೆ ನುಸುಳಿತು. ದೋಷಸೂಚನೆ ಬರಲಿಲ್ಲವೆಂಬುದು ದೋಷವಿಲ್ಲವೆಂಬುದಕ್ಕೆ ಪ್ರಮಾಣವಲ್ಲ ಎಂಬ ತತ್ತ್ವ ಇಲ್ಲಿಯೇ ಸ್ಪಷ್ಟವಾಗುತ್ತದೆ.

4. ಫೈನೈಟ್ ಎಲಿಮೆಂಟ್ ಫೈಲುಗಳ ಹುಟ್ಟು

ಈ ವಿಧಾನದಲ್ಲಿ ಕಟ್ಟಡವನ್ನು ಸಾವಿರಾರು ಸಣ್ಣ ತುಂಡುಗಳಾಗಿ ಭಾವಿಸಿ, ತುಂಡುಗಳು ಕೂಡುವ ಬಿಂದುಗಳಲ್ಲಿ ಸ್ಥಾನಪಲ್ಲಟವನ್ನು ಲೆಕ್ಕಹಾಕುತ್ತಾರೆ. ತುಂಡಿಗೆ ಎಲಿಮೆಂಟ್ ಎಂದೂ ಬಿಂದುವಿಗೆ ನೋಡ್ ಎಂದೂ ಹೆಸರು. ಗಣಿತಜ್ಞ ಕೂರಾಂಟನ 1943ರ ಪ್ರಬಂಧದಲ್ಲಿ ಇದರ ಬೀಜವಿದೆ. ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಎಂಬ ನಾಲ್ವರು 1956ರಲ್ಲಿ ಇದನ್ನು ವಿಮಾನರಚನೆಗೆ ಅನ್ವಯಿಸಿದರು. 1960ರಲ್ಲಿ ಕ್ಲಫನು ಈಗಿನ ಹೆಸರನ್ನಿಟ್ಟನು. ಅಮೆರಿಕೆಯ ನಾಸಾ ಸಂಸ್ಥೆಗಾಗಿ 1960ರ ದಶಕದಲ್ಲಿ ನ್ಯಾಸ್ಟ್ರಾನ್ ಪ್ರೋಗ್ರಾಮು ಸಿದ್ಧವಾಯಿತು. ನಮ್ಮ ದೇಶದಲ್ಲಿ ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದವರು ‘ಫೀಸ್ಟ್’ ಎಂಬ ಪ್ರೋಗ್ರಾಮನ್ನು ನಿರ್ಮಿಸಿದ್ದಾರೆ.

ನ್ಯಾಸ್ಟ್ರಾನ್ ಹುಟ್ಟಿದ ಕಾಲದಲ್ಲಿ ದತ್ತಾಂಶವನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಬರೆಯುತ್ತಿದ್ದರು. ಕಾರ್ಡಿಗೆ ಎಂಬತ್ತು ಅಂಕಣ. ಎಂಟೆಂಟು ಅಂಕಣಗಳ ಹತ್ತು ಮನೆಗಳು. ಕಾರ್ಡುಗಳು ಕಣ್ಮರೆಯಾದರೂ ಈ ಎಂಟು ಅಂಕಣದ ಮನೆ ಫೈಲುಗಳಲ್ಲಿ ಇಂದಿಗೂ ಉಳಿದುಬಂದಿದೆ. ಸೂಚನೆಗಳನ್ನು ಮಾರಕ, ಎಚ್ಚರಿಕೆ, ಮಾಹಿತಿ ಎಂದು ಮೂರು ತರಗತಿಗಳಾಗಿ ವಿಂಗಡಿಸುವ ಕ್ರಮವೂ ಆ ಪ್ರೋಗ್ರಾಮಿನಲ್ಲಿ ಉಂಟು. ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ರೀತಿಯ ಫೈಲುಗಳನ್ನು ಬಳಕೆಗೆ ತಂದಂತೆಲ್ಲ ಪರಿವರ್ತನೆ ಅನಿವಾರ್ಯವಾಯಿತು. 1980ರ ಐಜಿಇಎಸ್, 1994ರ ಸ್ಟೆಪ್ ಮುಂತಾದ ಸಮಾನ ಮಾನಕಗಳು ಬಂದರೂ ತೊಡಕು ಪೂರ್ತಿಯಾಗಿ ನೀಗಲಿಲ್ಲ.

5. ಗುಮ್ಮಟವನ್ನು ಫೈಲಿಗೆ ಇಳಿಸಿದಾಗ

ವಿಜಯಪುರ ಜಿಲ್ಲೆಯಲ್ಲಿ 2021 ಮತ್ತು 2022ರಲ್ಲಿ ಲಘು ಭೂಕಂಪನಗಳು ಅನುಭವಕ್ಕೆ ಬಂದುವು. ಇಂಥ ನೆಲದಲ್ಲಿ ಗೋಳಗುಮ್ಮಟದ ಭದ್ರತೆಯನ್ನು ವಿಶ್ಲೇಷಿಸಲು ಯಾರಾದರೂ ಹೊರಟರೆಂದು ಭಾವಿಸಿ, ಪರಿವರ್ತನೆಯಲ್ಲಿ ಏನೇನು ಸಂಭವಿಸಬಹುದೆಂಬುದನ್ನು ಪರಿಶೀಲಿಸೋಣ.

ಮೊದಲನೆಯದು ಅಂಕೆಯ ಮೊಟಕು. ಒಳವ್ಯಾಸದ ಅರ್ಧ 18,961.1 ಮಿಲಿಮೀಟರು. ಆ ವೃತ್ತದ ಮೇಲೆ ನಲವತ್ತೈದು ಡಿಗ್ರಿಯಲ್ಲಿರುವ ನೋಡಿನ ನಿರ್ದೇಶಾಂಕ 13407.52; ಚುಕ್ಕೆಯೂ ಸೇರಿ ಇದು ಎಂಟು ಅಂಕಣದಲ್ಲಿ ಸರಿಯಾಗಿ ಹಿಡಿಸುತ್ತದೆ. ಎದುರು ಬದಿಯ ನೋಡಿಗೆ ಋಣಚಿಹ್ನೆ ಸೇರಿದಾಗ ಒಂಬತ್ತು ಅಂಕಣ ಬೇಕು. ಆದುದರಿಂದ ಅದು -13407.5 ಎಂದು ಮೊಟಕಾಗುತ್ತದೆ. ಮಿಲಿಮೀಟರಿನ ಐವತ್ತನೆಯ ಒಂದು ಭಾಗ ಕಲ್ಲುಗಾರೆಯ ಕಟ್ಟಡಕ್ಕೆ ಏನೂ ಅಲ್ಲ. ಆದರೆ ಗುಮ್ಮಟದ ಒಂದು ಭಾಗವನ್ನು ಎಂಟಂಕಣದ ಫೈಲಿನಿಂದಲೂ ಅದಕ್ಕೆ ತಾಗಿದ ಭಾಗವನ್ನು ಹದಿನಾರಂಕಣದ ಫೈಲಿನಿಂದಲೂ ತಂದು ಜೋಡಿಸಿದರೆ, ಒಂದೇ ಆಗಬೇಕಾದ ಎರಡು ನೋಡುಗಳು ಕೂದಲೆಳೆಯಷ್ಟು ದೂರ ನಿಲ್ಲುತ್ತವೆ. ಕೂಡಿಸುವ ಮಿತಿ ಅದಕ್ಕಿಂತ ಕಿರಿದಾಗಿದ್ದರೆ ಅವು ಕೂಡುವುದೇ ಇಲ್ಲ. ಗುಮ್ಮಟದಲ್ಲಿಲ್ಲದ ಬಿರುಕು ಲೆಕ್ಕದಲ್ಲಿ ಹುಟ್ಟಿಕೊಳ್ಳುತ್ತದೆ. ಮಿತಿಯನ್ನು ಮನಬಂದಂತೆ ಹಿಗ್ಗಿಸಿದರೆ ನಿಜವಾಗಿ ಇರುವ ಸಂದೂ ಬೆಸೆದುಹೋಗುತ್ತದೆ.

ಎರಡನೆಯದು ನೋಡುಗಳ ಅನುಕ್ರಮ. ಇಟ್ಟಿಗೆಯಾಕಾರದ ಇಪ್ಪತ್ತು ನೋಡುಗಳ ಎಲಿಮೆಂಟಿನಲ್ಲಿ ಅಬಾಕಸ್ ಪ್ರೋಗ್ರಾಮು ಕೆಳಗಿನ ಅಂಚುಗಳ ನಡುಬಿಂದುಗಳಾದ ಮೇಲೆ ಮೇಲಿನ ಅಂಚುಗಳವನ್ನು ಎಣಿಸಿ, ಕೊನೆಗೆ ಲಂಬವಾದ ಅಂಚುಗಳವನ್ನು ಎಣಿಸುತ್ತದೆ. ನ್ಯಾಸ್ಟ್ರಾನ್ ಕೆಳಗಿನವಾದ ಮೇಲೆ ಲಂಬದವನ್ನೂ ಕೊನೆಗೆ ಮೇಲಿನವನ್ನೂ ಎಣಿಸುತ್ತದೆ. ಅನುಕ್ರಮವನ್ನು ಬದಲಿಸದೆ ಒಂದರಿಂದ ಮತ್ತೊಂದಕ್ಕೆ ಒಯ್ದರೆ ಇಟ್ಟಿಗೆ ತನ್ನೊಳಗೇ ತಿರುಚಿಕೊಳ್ಳುತ್ತದೆ. ಎಣಿಕೆ ಇಪ್ಪತ್ತೇ ಇರುವುದರಿಂದ ಪರಿವರ್ತಕ ಸುಮ್ಮನಿರಬಹುದು. ಸಾಮಾನ್ಯವಾಗಿ ಮುಂದಿನ ಪ್ರೋಗ್ರಾಮು ಋಣ ಜಾಕೋಬಿಯನ್ ಎಂದು ತಡೆದು ನಿಲ್ಲಿಸುತ್ತದೆ. ಇದು ನಮ್ಮ ಅದೃಷ್ಟ.

ಮೂರನೆಯದು ಮಾನದ ಲೋಪ. ಇಂಥ ಬಹುಪಾಲು ಫೈಲುಗಳಲ್ಲಿ ಅಡಿಯೋ ಮೀಟರೋ ಎಂಬ ಉಲ್ಲೇಖವೇ ಇರುವುದಿಲ್ಲ. ಹೊಂದಾಣಿಕೆಯ ಹೊಣೆ ಬರೆಯುವವನದು. ಗುಮ್ಮಟದ ಇಟ್ಟಿಗೆಗಾರೆಯ ಸಾಂದ್ರತೆಯನ್ನು ಘನ ಮೀಟರಿಗೆ 1,800 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಉದ್ದವನ್ನು ಮಿಲಿಮೀಟರಿನಲ್ಲಿಯೂ ಬಲವನ್ನು ನ್ಯೂಟನ್ನಿನಲ್ಲಿಯೂ ಬರೆಯುವ ಫೈಲಿನಲ್ಲಿ ಅದು 0.0000000018 ಎಂದಾಗಬೇಕು. 1800 ಎಂದೇ ಉಳಿದರೂ ಯಂತ್ರ ಚಕಾರವೆತ್ತುವುದಿಲ್ಲ. ಮೂರರಲ್ಲಿ ಅತ್ಯಂತ ಘೋರವಾದ ತಪ್ಪಿಗೆ ಸೂಚನೆಯೇ ಇಲ್ಲ.

6. ಲೋಕದ ಎರಡು ನಿದರ್ಶನಗಳು

ಇವು ಕೇವಲ ಊಹೆಯ ಅಪಾಯಗಳಲ್ಲ. ಮಂಗಳಗ್ರಹಕ್ಕೆ ಹೊರಟಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರಿನಲ್ಲಿ ನಾಶವಾಯಿತು. ಒಂದು ತಂಡದ ಫೈಲಿನಲ್ಲಿ ಬಲದ ಆವೇಗ ಪೌಂಡಿನ ಮಾನದಲ್ಲಿತ್ತು. ಓದುವ ತಂಡ ಅದನ್ನು ನ್ಯೂಟನ್ನಿನ ಮಾನವೆಂದು ಬಗೆಯಿತು. ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು.

1996ರ ಜೂನ್ 4ರಂದು ಏರಿಯಾನ್-5 ರಾಕೆಟ್ಟು ಮೇಲೇರಿದ ನಲವತ್ತು ಸೆಕೆಂಡುಗಳೊಳಗೆ ಛಿದ್ರವಾಯಿತು. 64 ಬಿಟ್ಟಿನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ತಿರುಗಿಸುವಲ್ಲಿ ಸಂಖ್ಯೆ ಹಿಡಿಸಲಿಲ್ಲ. ಏರಿಯಾನ್-4ರ ಪಥಕ್ಕೆ ಸಾಕಾಗಿದ್ದ ಮನೆ ಹೊಸ ರಾಕೆಟ್ಟಿನ ವೇಗಕ್ಕೆ ಸಾಲದಾಯಿತು. ವಿಚಾರಣೀಯವಾದ ಅಂಶವೆಂದರೆ, ದಿಕ್ಸೂಚಕ ಉಪಕರಣವು ಆಗ ಕಳುಹಿಸಿದ ದೋಷಸೂಚನೆಯನ್ನೇ ಮುಖ್ಯ ಗಣಕಯಂತ್ರವು ಹಾರಾಟದ ದತ್ತಾಂಶವೆಂದು ಓದಿ ರಾಕೆಟ್ಟನ್ನು ತಿರುಗಿಸಿತು. ಸೂಚನೆ ಬಂದರೆ ಸಾಲದು. ಅದು ಸೂಚನೆಯೆಂದು ಗ್ರಹಿಸುವವರಿರಬೇಕು.

7. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಹೊರಡುವ ಸಿದ್ಧಾಂತ ಇಷ್ಟು. ಪರಿವರ್ತಕ ಯಂತ್ರವು ಬರಹದ ರೂಪವನ್ನು ಬಲ್ಲುದು. ಅಳತೆಯ ಅರ್ಥವನ್ನು ಅರಿಯದು. ರೂಪ ಕೆಟ್ಟಾಗ ದೋಷವೆನ್ನುತ್ತದೆ. ರೂಪ ಸಂದಿಗ್ಧವಾದಾಗ ಎಚ್ಚರಿಸುತ್ತದೆ. ರೂಪ ಸರಿಯಿದ್ದು ಅರ್ಥ ಕೆಟ್ಟಾಗ ಮೌನವಾಗಿರುತ್ತದೆ. ಆ ಮೌನವನ್ನು ತುಂಬಬೇಕಾದವರು ಅಭ್ಯಾಸಿಗಳು.

ಅದಕ್ಕೆ ಕೆಲವು ಸುಲಭೋಪಾಯಗಳುಂಟು. ಪರಿವರ್ತನೆಯ ಸೂಚನೆಗಳನ್ನೆಲ್ಲ ಫೈಲಿನ ಜೊತೆಯಲ್ಲಿಯೇ ಕಾಪಾಡಬೇಕು. ಮೊದಲೂ ಅನಂತರವೂ ನೋಡುಗಳ ಮತ್ತು ಎಲಿಮೆಂಟುಗಳ ಎಣಿಕೆಯನ್ನು ಹೋಲಿಸಬೇಕು. ಫೈಲನ್ನು ಹಿಂದಕ್ಕೆ ಪರಿವರ್ತಿಸಿ ಮೂಲದೊಡನೆ ತಾಳೆನೋಡಬೇಕು. ಕಟ್ಟಡದ ಹೊರ ಅಳತೆ ತಿಳಿದ ಅಳತೆಗೆ ಹೊಂದುವುದೇ ಎಂದು ಪರೀಕ್ಷಿಸಬೇಕು. ಸ್ವಂತ ಭಾರವೊಂದನ್ನೇ ಹೊರಿಸಿ, ತಳಪಾಯದ ಪ್ರತಿಕ್ರಿಯೆಗಳ ಮೊತ್ತ ಒಟ್ಟು ಭಾರಕ್ಕೆ ಸಮವೇ ಎಂದೂ, ಆ ಭಾರ ಕೈಯಿಂದ ಹಾಕಿದ ಸ್ಥೂಲ ಲೆಕ್ಕಕ್ಕೆ ಸಮೀಪವೇ ಎಂದೂ ನೋಡಬೇಕು. ಈ ಕೊನೆಯ ಪರೀಕ್ಷೆಗೆ ಕಾಗದ ಮತ್ತು ಸೀಸದಕಡ್ಡಿ ಸಾಕು. ಸಾಂದ್ರತೆಯ ತಪ್ಪು ಇದರಿಂದ ತಪ್ಪಿಸಿಕೊಳ್ಳಲಾರದು.

ಗೋಳಗುಮ್ಮಟದ ನೆಲವನ್ನು ಅಳೆದವರು ಐದು ಅಂಗುಲವನ್ನೂ ಬಿಡದೆ, ಕಂಬದ ಮೂಲೆಗಳನ್ನೂ ಕಳೆದು, ಕಳೆದುದೆಷ್ಟೆಂಬುದನ್ನೂ ಬರೆದಿಟ್ಟರು. ಆದುದರಿಂದಲೇ ಇಂದು ನಾವು ಅವರ ಲೆಕ್ಕವನ್ನು ಮೊದಲಿನಿಂದ ಮರಳಿ ಮಾಡಿ ನೋಡಬಹುದಾಗಿದೆ. ಫೈಲುಗಳನ್ನು ಮುಂದಿನವರಿಗೆ ಒಪ್ಪಿಸುವಾಗ ನಮ್ಮ ವಿದ್ಯಾರ್ಥಿಗಳು ಅನುಸರಿಸಬೇಕಾದ ಮೇಲ್ಪಂಕ್ತಿಯೂ ಇದೇ.