ಗಳದ ಮೇಲಿನ ಕೌದಿ

ಮಲಗುವ ಕೋಣೆಗೆ ಹೆಚ್ಚು ಖರ್ಚಿಲ್ಲದೆ ಹೊಸ ಕಳೆ ತರುವುದು ಹೇಗೆ ಎಂಬ ವಿಚಾರ ಈಗ ಪಟ್ಟಣದ ಮನೆಗಳಲ್ಲಿ ಆಗಾಗ ಚರ್ಚೆಗೆ ಬರುತ್ತದೆ. ಗುಜರಿಯಿಂದ ತಂದ ಹಳೆಯ ಮರದ ಪೆಟ್ಟಿಗೆ, ಕೈಯಲ್ಲಿ ಹೊಲಿದ ಒಂದು ಹೊದಿಕೆ, ಕಿಟಕಿಯ ಬಳಿ ಒಂದೆರಡು ಕುಂಡ, ಇಷ್ಟಾದರೆ ಸಾಕು ಎನ್ನುತ್ತಾರೆ ತಿಳಿದವರು. ಮಾತು ಸರಿಯೇ. ಆದರೆ ಇದು ಎಲ್ಲಿಂದಲೋ ಬಂದ ಹೊಸ ಅಭಿರುಚಿ ಎಂದು ಭಾವಿಸುವವರು ಒಮ್ಮೆ ದಾವಣಗೆರೆಯಿಂದ ಜಗಳೂರಿನ ದಾರಿ ಹಿಡಿದು ಬಿಳಿಚೋಡಿನ ಕಡೆಯ ಹಳೆಯ ಮನೆಗಳನ್ನು ನೆನೆಯಬೇಕು. ಆ ಮನೆಗಳಲ್ಲಿ ಮಲಗುವುದಕ್ಕೆಂದೇ ಮೀಸಲಾದ ಕೋಣೆ ಅಪರೂಪ. ಆದರೆ ಹಾಸಿಗೆ ಇತ್ತು. ಆ ಹಾಸಿಗೆಯ ಮೇಲಿನ ಕೌದಿಯಲ್ಲಿ ಅಂಗಡಿಯಿಂದ ಹೊಸದಾಗಿ ಬಂದದ್ದು ಸೂಜಿ, ದಾರ ಮಾತ್ರ.

ಅಂಕಣದ ಮನೆ

ಬಿಳಿಚೋಡು ಜಗಳೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಮಳೆ ಕಡಿಮೆ, ಬರ ಹೆಚ್ಚು. ಇಂಥ ಬಯಲುಸೀಮೆಯ ಹಳೆಯ ಮನೆಗಳು ಬಹುಪಾಲು ಮಾಳಿಗೆ ಮನೆಗಳು. ದಪ್ಪನೆಯ ಗೋಡೆ, ಮರದ ಕಂಬ, ತೊಲೆ, ಜಂತೆ, ಅದರ ಮೇಲೆ ಸೊಪ್ಪು ಸದೆ ಹಾಸಿ ಹರವಿದ ಚೌಳು ಮಣ್ಣು. ಒಳಗೆ ಬೆಳಕು ಬರಲು ಮಾಳಿಗೆಯಲ್ಲೊಂದು ಬೆಳಕಿಂಡಿ.

ಇಂಥ ಮನೆಯನ್ನು ಅಳೆಯುವಾಗ ಕೋಣೆಗಳನ್ನು ಎಣಿಸುತ್ತಿರಲಿಲ್ಲ, ಅಂಕಣಗಳನ್ನು ಎಣಿಸುತ್ತಿದ್ದರು. ಕಂಬಗಳ ಎರಡು ಸಾಲಿನ ನಡುವಣ ಜಾಗವೇ ಒಂದು ಅಂಕಣ. ಹಗಲು ಕಾಳು ಹಸನು ಮಾಡುವ, ಬಂದವರನ್ನು ಕೂರಿಸುವ ಅಂಕಣದಲ್ಲೇ ರಾತ್ರಿ ಹಾಸಿಗೆ ಬೀಳುತ್ತಿತ್ತು. ಕೋಣೆಯೆಂಬುದು ಇದ್ದರೆ ಅದು ದವಸಕ್ಕೆ, ಇಲ್ಲವೇ ಬಾಣಂತಿಗೆ, ಹೊಸದಾಗಿ ಮದುವೆಯಾದವರಿಗೆ. ಬೇಸಿಗೆ ಬಂದರೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಇಲ್ಲವೇ ಹೊರಗಿನ ಕಟ್ಟೆಯ ಮೇಲೆ. ಬೆಳಗಾದರೆ ಚಾಪೆ ಸುತ್ತಿ ಮೂಲೆಗಿಟ್ಟು, ಹೊದಿಕೆಗಳನ್ನು ಮಡಿಸಿ, ಜಂತೆಗೆ ಹಗ್ಗ ಕಟ್ಟಿ ಇಳಿಬಿಟ್ಟ ಗಳದ ಮೇಲೆ ಸಾಲಾಗಿ ಹಾಕುತ್ತಿದ್ದರು. ಕೆಂಪು, ಹಸಿರು, ಅರಿಸಿನ ಬಣ್ಣದ ತುಂಡುಗಳ ಆ ಸಾಲು ಹಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ಮನೆಯ ಅಲಂಕಾರವೆಂದರೆ ಅದೇ.

ಮನೆಯೇ ಹಳೆಯ ವಸ್ತುಗಳ ಮರುಬಳಕೆಯಿಂದ ಎದ್ದದ್ದು ಎಂಬುದೂ ಗಮನಿಸಬೇಕಾದ ಮಾತು. ಒಂದು ಮನೆ ಬಿದ್ದರೆ ಅದರ ಕಂಬ, ತೊಲೆ, ಬಾಗಿಲುಗಳು ಮತ್ತೊಂದು ಮನೆಗೆ ಹೋಗುತ್ತಿದ್ದವು. ಮರ ಸುಲಭವಾಗಿ ಸಿಗದ ಸೀಮೆಯಲ್ಲಿ ಅಜ್ಜನ ಕಾಲದ ಬಾಗಿಲು ಮೊಮ್ಮಗನ ಮನೆಗೆ ಬರುವುದು ವಿಶೇಷವೇನಲ್ಲ. ಇಂದು ಪಟ್ಟಣದ ಅಂಗಡಿಗಳಲ್ಲಿ ಕೆತ್ತನೆಯ ಹಳೆಯ ಬಾಗಿಲುಗಳು ಭಾರಿ ಬೆಲೆಗೆ ಮಾರಾಟವಾಗುವುದನ್ನು ಕಂಡರೆ, ಆ ಪದ್ಧತಿಯ ಬಾಲವೇ ಅದು ಎನಿಸುತ್ತದೆ.

ಒಂದು ಸೀರೆಯ ಆಯುಸ್ಸು

ಕೌದಿ, ಕವದಿ, ಕವುದಿ ಎಂದು ಊರಿಗೊಂದು ಉಚ್ಚಾರ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಒಂದೇ ಎಳೆಯ ಸರಳ ಹೊಲಿಗೆಯಿಂದ ಬಿಗಿದ ಹೊದಿಕೆ ಇದು. ಇದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಮದುವೆಗೋ ಹಬ್ಬಕ್ಕೋ ಬಂದ ನೂಲಿನ ಸೀರೆ ಕೆಲವು ವರ್ಷ ಮೇಲುಡುಗೆ. ಬಣ್ಣ ಮಾಸಿದ ಮೇಲೆ ಹೊಲ ಮನೆಯ ಕೆಲಸಕ್ಕೆ. ಸೆರಗು ಹರಿದ ಮೇಲೆ ಕೌದಿಗೆ. ಕೌದಿಗೂ ಆಗದಷ್ಟು ಮೆತ್ತಗಾದದ್ದು ಕೂಸಿನ ಮೈಗೆ, ತೊಟ್ಟಿಲಿಗೆ. ಕೊನೆಗೆ ಅಡುಗೆಮನೆಯ ಮಸಿ ಅರಿವೆ, ದೀಪದ ಬತ್ತಿ. ಒಂದು ಸೀರೆ ಹೀಗೆ ನಾಲ್ಕೈದು ಬಾಳು ಬಾಳಿ ಮಣ್ಣು ಸೇರುತ್ತಿತ್ತು.

ಹದಿನಾರು ಮೊಳದ ಸೀರೆಯೆಂದರೆ 24 ಅಡಿ ಉದ್ದ. ಮೂರು ಮಡಿಕೆ ಮಾಡಿದರೆ 8 ಅಡಿ ಉದ್ದದ ಮೂರು ಪದರ. ಅಂದರೆ ಒಬ್ಬರು ಕಾಲು ಚಾಚಿ ಮಲಗುವಷ್ಟು. ನಡುವೆ ಧೋತರದ ತುಂಡು, ಮೇಲೆ ಬಣ್ಣದ ತುಣುಕುಗಳನ್ನು ಜೋಡಿಸಿದರೆ ಕೌದಿಯ ಮೈ ಸಿದ್ಧ. ನೆಲದ ಮೇಲೆ ಹರವಿ, ಸುಕ್ಕಾಗದಂತೆ ಅಂಚಿಗೆ ಕಲ್ಲು ಹೇರಿ, ಇಬ್ಬರು ಮೂವರು ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರು. ಸುಗ್ಗಿ ಮುಗಿದ ಬಿಡುವಿನ ಕಾಲ ಇದಕ್ಕೆ ಹೊಂದಿಕೆ.

ಇದು ಬೆಚ್ಚಗಿರುವುದೇಕೆ? ಬಟ್ಟೆಯ ಪದರಗಳ ನಡುವೆ ಸಿಕ್ಕಿದ ಗಾಳಿ ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ. ಹೊಲಿಗೆಯ ಸಾಲುಗಳು ಪದರಗಳು ಜಾರದಂತೆ, ಗಾಳಿ ಒಂದೆಡೆ ಸೇರದಂತೆ ಹಿಡಿದಿಡುತ್ತವೆ. ನೂಲು ಬೆವರನ್ನು ಹೀರುವುದರಿಂದ ಬಯಲುಸೀಮೆಯ ಬೇಸಿಗೆಯಲ್ಲಿ ಅದನ್ನೇ ಮಡಿಸಿ ಕೆಳಗೆ ಹಾಸಬಹುದು. ಉಗಾದಿ, ಮಾನೋಮಿ ಬಂದರೆ ಕೌದಿಗಳೆಲ್ಲ ಹಳ್ಳಕ್ಕೋ ಕೆರೆಗೋ ಹೋಗಿ, ಬಂಡೆಗೆ ಬಡಿಸಿಕೊಂಡು, ಬಿಸಿಲಲ್ಲಿ ಒಣಗಿ ಹಿಂತಿರುಗಬೇಕು. ನೀರು ನೆನೆದ ಕೌದಿಯನ್ನು ಒಬ್ಬರೇ ಎತ್ತಲಾಗದು. ಹಿಂಡುವುದಕ್ಕೂ ಜೊತೆ ಬೇಕು.

ಮನೆಯ ಹೆಂಗಸರಿಗೆ ಬಿಡುವಿಲ್ಲದಿದ್ದರೆ ಕೌದಿ ಹೊಲಿಯುವವರು ಊರಿಗೇ ಬರುತ್ತಿದ್ದರು. ಉತ್ತರ ಕರ್ನಾಟಕದ ಹಲವೆಡೆ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳಿಗೆ ಇದು ಕಸುಬು. ಬಟ್ಟೆ ಮನೆಯವರದು, ಕೈ ಅವರದು. ಕೂಲಿಯ ಜೊತೆ ಊಟ, ಕಾಳು ಕಡಿ.

ಕೌದಿಯ ಜೊತೆಗಾರ ಕಂಬಳಿ. ಬಿಳಿಚೋಡಿನಿಂದ ಬಹಳ ದೂರವಲ್ಲದ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕುರುಬರು ಸಾಕಿದ ದಕ್ಕನಿ ಕುರಿಯ ಕರಿ ಉಣ್ಣೆ, ಮನೆಯ ಹೆಂಗಸರು ನೂತ ನೂಲು, ಗುಂಡಿ ಮಗ್ಗ, ಗಟ್ಟಿಗೊಳಿಸಲು ಹುಣಸೆ ಬೀಜದ ಗಂಜಿ. ಮಳೆಯಲ್ಲಿ ತಲೆಯ ಮೇಲೆ ಕೊಪ್ಪೆ, ರಾತ್ರಿ ಹೊದಿಕೆ, ದೇವರಿಗೆ ಗದ್ದುಗೆ. ಕಂಬಳಿ ಹೊರಗಿನ ತೇವವನ್ನು ತಡೆದರೆ ಕೌದಿ ಮೈಗೆ ಮೆತ್ತಗಿರುತ್ತದೆ.

ಸಿದ್ದಿಯರ ಕವಂದಿ

ಕೌದಿಯ ಬಳಗ ದೊಡ್ಡದು. ಬಂಗಾಳದ ಕಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ಸಿಂಧ್ ಪ್ರಾಂತದ ರಲ್ಲಿ ಎಲ್ಲವೂ ಹಳೆಯ ಬಟ್ಟೆಯ ಮಕ್ಕಳೇ. ನಮ್ಮ ರಾಜ್ಯದೊಳಗೇ ಇದರ ಇನ್ನೊಂದು ಅಪೂರ್ವ ಕವಲಿದೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದ ಆಫ್ರಿಕನ್ನರ ಸಂತತಿಯವರಾದ ಸಿದ್ದಿಯರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಕಾಡುಗಳಲ್ಲಿ ನೆಲೆಸಿದ್ದಾರೆ. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಅಂಚಿನಿಂದ ಹೊಲಿಯಲು ತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಅವರ ರೀತಿ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಮುಕ್ಕೋನದ ಹೂವು ಕೂಡಿಸಲೇಬೇಕು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಅಭ್ಯಾಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಮನೆಯ ಮೂಲೆಯಲ್ಲಿ ಮಡಿಸಿಟ್ಟ ವಸ್ತು ಗೋಡೆಯ ಮೇಲೆ ಚಿತ್ರದಂತೆ ತೂಗಿತು. ನಮ್ಮ ಸೀಮೆಗೆ ಇನ್ನೂ ಹತ್ತಿರದಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ತಾಂಡಾದ ಹೆಂಗಸರು ತಮ್ಮ ಉಡುಪಿಗೆ ಹಾಕುತ್ತಿದ್ದ ಕನ್ನಡಿ, ಕವಡೆಯ ಕೆಲಸ ಈಗ ದಿಂಬಿನ ಚೀಲ, ಹಾಸಿಗೆಯ ಹೊದಿಕೆಗಳ ಮೇಲೂ ಕಾಣಿಸುತ್ತದೆ.

ಗಳ ಬರಿದಾದದ್ದು

ಹಾಗಾದರೆ ಬಯಲುಸೀಮೆಯ ಗಳದ ಮೇಲಿಂದ ಕೌದಿ ಇಳಿದದ್ದು ಏಕೆ? ಬಡತನ ಹೋಯಿತು, ಕೌದಿ ಹೋಯಿತು ಎಂದು ಹೇಳಿಬಿಡುವುದು ಸುಲಭ. ಕಾರಣಗಳು ಇನ್ನೂ ಇವೆ. ಮೊದಲನೆಯದು ಬಟ್ಟೆಯೇ ಬದಲಾದದ್ದು. 1970ರ ದಶಕದಿಂದೀಚೆಗೆ ನೈಲಾನ್, ಪಾಲಿಯೆಸ್ಟರ್ ಸೀರೆಗಳು ಹಳ್ಳಿಗಳನ್ನು ತುಂಬಿದವು. ಅವು ಬೇಗ ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ಒಗೆಯುವುದು ಸುಲಭ. ದುಡಿಯುವ ಹೆಂಗಸರಿಗೆ ಅದು ದೊಡ್ಡ ಉಪಕಾರವೇ. ಆದರೆ ಬೆವರು ಹೀರದ, ಸೂಜಿಗೆ ಜಾರುವ ಆ ಬಟ್ಟೆ ಕೌದಿಗೆ ಒಗ್ಗಲಿಲ್ಲ.

ಎರಡನೆಯದು ಸ್ಟೀಲ್ ಪಾತ್ರೆ. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ವ್ಯಾಪಾರಿ ಬಾಗಿಲಿಗೆ ಬಂದಾಗ, ನಾಲ್ಕು ಸೀರೆಗೆ ಒಂದು ಡಬರಿ ಸಿಕ್ಕರೆ ಯಾರು ತಾನೇ ಕೌದಿಗೆಂದು ಕಾದಿಡುತ್ತಾರೆ? ಮೂರನೆಯದು ಅಗ್ಗದ ಹೊದಿಕೆಯ ಪೂರೈಕೆ. ಇದರಲ್ಲೊಂದು ಸೋಜಿಗವಿದೆ. ಹರಿಯಾಣದ ಪಾಣಿಪತ್‌ನಲ್ಲಿ ಪಶ್ಚಿಮದ ದೇಶಗಳಿಂದ ಬಂದ ಹಳೆಯ ಉಣ್ಣೆ ಬಟ್ಟೆಗಳನ್ನು ಹರಿದು, ಪಿಂಜಿ, ಮತ್ತೆ ನೂಲು ತೆಗೆದು ರಗ್ಗು ನೇಯುವ ದೊಡ್ಡ ಉದ್ಯಮ ಬೆಳೆಯಿತು. ಅವ್ವನ ಸೀರೆಯ ಕೌದಿಯನ್ನು ಬಿಟ್ಟ ನಾವು, ಯಾವುದೋ ದೇಶದ ಅಪರಿಚಿತರ ಕೋಟಿನಿಂದ ಹುಟ್ಟಿದ ರಗ್ಗನ್ನು ಹೊದ್ದುಕೊಂಡೆವು. ಎರಡೂ ಹಳೆಯ ಬಟ್ಟೆಯೇ. ಒಂದರಲ್ಲಿ ಯಾವ ತುಂಡು ಯಾರದೆಂದು ಕೂಸಿಗೂ ಗೊತ್ತು, ಇನ್ನೊಂದರಲ್ಲಿ ಯಾರಿಗೂ ಗೊತ್ತಿಲ್ಲ.

ನೀರು ಕೇಳದ ಗಿಡ

ಗಿಡದ ಮಾತಿಗೆ ಬಂದರೆ, ಬರದ ಸೀಮೆಯಲ್ಲಿ ಮನೆಯೊಳಗೆ ನೀರು ಹೊಯ್ದು ಗಿಡ ಸಾಕುವ ಪದ್ಧತಿ ಇರುವುದು ಹೇಗೆ? ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕರಿಬೇವು, ಕನಕಾಂಬರ, ಅಂಗಳದಲ್ಲಿ ತುಳಸಿ. ಮನೆಗೆ ಅಂಟಿಕೊಂಡು ಬದುಕಿದ್ದು ಒಂದೇ ಗಿಡ, ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ. ದೃಷ್ಟಿ ತಾಗದಿರಲಿ ಎಂದು ಕಟ್ಟುತ್ತಿದ್ದ ಅದು ಮಣ್ಣು, ನೀರು ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಕಾರಣ, ಎಲೆಯೊಳಗಿನ ಲೋಳೆಯಲ್ಲಿ ನೀರಿನ ಸಂಗ್ರಹವಿದೆ. ಜೊತೆಗೆ ಅದು ತನ್ನ ಎಲೆಯ ರಂಧ್ರಗಳನ್ನು ಬಿಸಿಲಿನಲ್ಲಿ ಮುಚ್ಚಿ ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ.

ಇಂದು ಮಲಗುವ ಕೋಣೆಗಳಲ್ಲಿ ಕಾಣುವ ಗಿಡಗಳು ದೂರದಿಂದ ಬಂದವು. ಮನಿ ಪ್ಲಾಂಟ್ ಎಂದು ನಾವು ಕರೆಯುವ ಬಳ್ಳಿಯ ತವರು ಶಾಂತಸಾಗರದ ಮೊರಿಯಾ ದ್ವೀಪ. ಕತ್ತಿಯಂತೆ ನೆಟ್ಟಗೆ ನಿಲ್ಲುವ ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕದ್ದು. ಬಿಲ್ಲಿನ ಹೆದೆಗೆ ನಾರು ಕೊಡುತ್ತಿದ್ದ ಅದೇ ಬಳಗದ ಇನ್ನೊಂದು ಗಿಡ ನಮ್ಮ ದೇಶದಲ್ಲೇ ಇದೆ. ಕೋಣೆಯ ಗಿಡ ಗಾಳಿಯನ್ನು ಶುದ್ಧಿ ಮಾಡುತ್ತದೆ ಎಂಬ ನಂಬಿಕೆಗೆ ಮುಖ್ಯ ಮೂಲ 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಪ್ರಕಟಿಸಿದ ಒಂದು ವರದಿ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಮರುಪರಿಶೀಲಿಸಿದ ಸಂಶೋಧಕರು, ಸಾಮಾನ್ಯ ಕಟ್ಟಡದ ಗಾಳಿಯಾಟಕ್ಕೆ ಸಮನಾಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಾಗುತ್ತವೆ ಎಂದು ಲೆಕ್ಕ ಹಾಕಿದರು. ಕಣ್ಣಿಗೆ ತಂಪೆಂದು ಗಿಡ ಇಡೋಣ. ಗಾಳಿಗೆ ಕಿಟಕಿ ತೆರೆಯೋಣ.

ಹತ್ತು ಸಾವಿರ ಹೊಲಿಗೆ

ಈಗ ಕೌದಿ ಮರಳಿ ಬರುತ್ತಿದೆ. ದೊಡ್ಡ ಊರಿನ ಕರಕುಶಲ ಮೇಳಗಳಲ್ಲಿ, ಅಂಗಡಿಗಳಲ್ಲಿ ಅದಕ್ಕೆ ಬೇಡಿಕೆಯಿದೆ. ಸಂತೋಷದ ಸಂಗತಿ. ಆದರೆ ಕೌದಿಯ ಚೆಲುವಿಗೆ ಬೆಲೆ ಕಟ್ಟುವಾಗ ಅದರ ದುಡಿಮೆಗೂ ಬೆಲೆ ಕಟ್ಟುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. 4 ಅಡಿ ಅಗಲ, 6 ಅಡಿ ಉದ್ದದ ಒಂದು ಕೌದಿಯನ್ನು ತೆಗೆದುಕೊಳ್ಳಿ. ಬೆರಳಗಲಕ್ಕೆ ಒಂದು ಸಾಲು ಎಂದರೆ ಸುಮಾರು 60 ಸಾಲು. ಸೆಂಟಿಮೀಟರಿಗೆ ಒಂದು ಹೊಲಿಗೆಯಂತೆ ಸಾಲಿಗೆ 180. ಒಟ್ಟು 10,800 ಹೊಲಿಗೆ. ಒಂದು ಹೊಲಿಗೆಗೆ ಬರೀ 10 ಪೈಸೆ ಕೂಲಿ ಹಾಕಿದರೂ 1,080 ರೂಪಾಯಿ. ಅದೂ ನಾಲ್ಕೈದು ಪದರದಲ್ಲಿ ಸೂಜಿ ನುಗ್ಗಿಸಿ ಬೆರಳು ಚುಚ್ಚಿಸಿಕೊಳ್ಳುವ ಕೆಲಸ. ಹಳೆಯ ಬಟ್ಟೆಗೆ ಇಷ್ಟೊಂದು ಕೊಡಬೇಕೇ ಎಂದು ಚೌಕಾಸಿಗೆ ಇಳಿಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಬಟ್ಟೆ ಹಳೆಯದಾದರೂ ಹೊಲಿಗೆಯೆಲ್ಲ ಹೊಸದು.

ಈ ಹೊಲಿಗೆ ಶಾಲೆಯಲ್ಲಿ ಕಲಿತದ್ದಲ್ಲ. ಅತ್ತೆಯ ಪಕ್ಕ ಕೂತು ಸೊಸೆ, ಅವ್ವನ ಪಕ್ಕ ಕೂತು ಮಗಳು ಕಲಿತದ್ದು. ಕೂತು ಹೊಲಿಯುವ ತಲೆಮಾರು ಎದ್ದುಹೋದರೆ, ಟ್ರಂಕಿನಲ್ಲಿ ಎಷ್ಟೇ ಸೀರೆಯಿದ್ದರೂ ಅದು ಬರೀ ಬಟ್ಟೆಯ ರಾಶಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಆ ಹಾಸಿಗೆಯನ್ನು ಇದ್ದುದರಲ್ಲೇ ಮಾಡಿಕೊಳ್ಳುವುದನ್ನೂ ಬಲ್ಲವರಾಗಿದ್ದರು. ಕೋಣೆಯನ್ನು ಹೊಸದಾಗಿಸಲು ಹೊರಟವರು ಅಂಗಡಿಗೆ ಹೋಗುವ ಮೊದಲು ಮನೆಯ ಟ್ರಂಕಿನ ಮುಚ್ಚಳ ತೆಗೆಯಲಿ. ಅದರಲ್ಲಿ ನೂಲಿನ ಸೀರೆ ನಾಲ್ಕಿದ್ದರೆ, ಸೂಜಿ ಹಿಡಿಯಬಲ್ಲ ಹಿರಿಯ ಹೆಂಗಸು ಊರಲ್ಲಿ ಒಬ್ಬರಿದ್ದರೆ, ಅವರ ಪಕ್ಕ ಚಾಪೆ ಹಾಕಿ ಕೂರುವುದಕ್ಕೆ ಇದೇ ಸಮಯ.