ಹೂವು, ಗುಳ್ಳೆ, ದ್ರಾಕ್ಷಿ: ಬೇಸಿಗೆಯ ಒಂದು ಬಟ್ಟಲಿನ ಚರಿತ್ರೆ

ಟಿಟ್ವಾಳಾ, ಕಲ್ಯಾಣ, ಡೊಂಬಿವಲಿ ಕಡೆಯ ನಮ್ಮ ಮನೆಗಳಲ್ಲಿ ಬೇಸಿಗೆಯ ಅತಿಥಿಗೆ ಮೊದಲ ಉಪಚಾರವೆಂದರೆ ತಣ್ಣನೆಯ ಒಂದು ಲೋಟ. ಘಟ್ಟದ ಮೇಲಿನವರಿಗೆ ಬೆಲ್ಲದ ಪಾನಕ, ಕರಾವಳಿಯವರಿಗೆ ಪುನರ್ಪುಳಿ, ಎಲ್ಲರಿಗೂ ನಿಂಬೆ ಶರಬತ್ತು. ಈಚೆಗೆ ಕೆಲವು ಮನೆಗಳಲ್ಲಿ ಈ ಸಾಲಿಗೆ ಇನ್ನೊಂದು ಸೇರಿದೆ: ಹೂವಿನ ಪಾಕದ ಮೇಲೆ ನೊರೆಯೇಳುವ ವೈನ್ ಸುರಿದು ಕೊಡುವ ಕಾಕ್‌ಟೇಲ್. ಹಿರಿಯರು ಇದನ್ನು ವಿಲಾಯಿತಿಯ ಚಾಳಿ ಎನ್ನುತ್ತಾರೆ. ಕಿರಿಯರು ತಮ್ಮ ಕಾಲದ ಹೊಸತು ಎನ್ನುತ್ತಾರೆ. ಚರಿತ್ರೆಯನ್ನು ಕೆದಕಿದರೆ ಎರಡೂ ಅರ್ಧ ಸತ್ಯವೇ.

ಮೊದಲು ಹೂವಿನ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಈ ಕಲ್ಯಾಣ ನಾವು ನಿತ್ಯ ಗಾಡಿ ಬದಲಿಸುವ ಜಂಕ್ಷನ್ ಅಲ್ಲ, ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಅರಸನ ಭೋಗಗಳನ್ನು ಹೇಳುವಾಗ ಅವನು ಕುಡಿಯುವ ನೀರಿಗೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ. ನೀರನ್ನು ಶುದ್ಧಮಾಡಿ, ಪಾದರಿ, ಸಂಪಿಗೆಗಳಂಥ ಹೂಗಳಿಂದ ಕಂಪುಗೊಳಿಸುವ ಕ್ರಮ ಅಲ್ಲಿದೆ. ಅದೇ ಗ್ರಂಥದ ಕ್ರೀಡೆಗಳ ಭಾಗದಲ್ಲಿ ಮದಿರಾಪಾನವೂ ಒಂದು ಕ್ರೀಡೆಯಾಗಿ ಬರುತ್ತದೆ. ಮುಂದೆ 1508ರ ಸುಮಾರಿಗೆ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದಾಗ ಪಾನಕಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟ. ಹೀಗಾಗಿ ಕುಡಿಯುವುದರಲ್ಲಿ ಕಂಪನ್ನು ಹುಡುಕುವ ರಸಿಕತೆಯನ್ನು ನಾವು ಯಾರಿಂದಲೂ ಕಡ ತಂದಿಲ್ಲ.

ಗುಳ್ಳೆ ಮಾತ್ರ ಹೊರಗಿನಿಂದ ಬಂದದ್ದು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿದ್ವಾಂಸ ಬಿಯರ್ ಭಟ್ಟಿಯ ಮೇಲೆ ನಿಲ್ಲುವ ಗಾಳಿಯನ್ನು ನೀರಿಗೆ ಬೆರೆಸಿ ಸೋಡಾ ಮಾಡಿದ. 1872ರಲ್ಲಿ ಹೈರಮ್ ಕಾಡ್ ಎಂಬವನು ಕುತ್ತಿಗೆಯಲ್ಲಿ ಗೋಲಿ ಕೂರುವ ಸೀಸೆಗೆ ಪೇಟೆಂಟ್ ಪಡೆದ. ನಮ್ಮೂರ ಜಾತ್ರೆಗಳ ಗೋಲಿಸೋಡಾ ಅದರ ಸಂತಾನ. ಮುಂಬಯಿಯಲ್ಲಿ ಪಾರ್ಸಿಗಳು ಇದನ್ನು ಉದ್ಯಮವಾಗಿ ಬೆಳೆಸಿದರು; ದಿನ್‌ಶಾಜಿ ಪಾಂಡೋಲೆ ಡ್ಯೂಕ್ಸ್ ಕಂಪನಿಯನ್ನು ತೆರೆದದ್ದು 1889ರಲ್ಲಿ. ಅವರ ಕೆಂಪು ರಾಸ್ಪ್‌ಬೆರಿ ಸೋಡಾವನ್ನು ಹಳೆಯ ಮುಂಬಯಿಕರರು ಮರೆತಿರಲಾರರು.

ವೈನಿನ ಗುಳ್ಳೆಯ ಕಥೆ ಬೇರೆ. ಅಲ್ಲಿ ಗಾಳಿಯನ್ನು ಹೊರಗಿನಿಂದ ತುಂಬುವುದಿಲ್ಲ. ಹುದುಗಿ ಸಿದ್ಧವಾದ ವೈನಿಗೆ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಿರಡೆ ಬಿಗಿದರೆ ಸೀಸೆಯೊಳಗೇ ಅದು ಎರಡನೆಯ ಸಲ ಹುದುಗುತ್ತದೆ. ಹೊರಬರಲಾಗದ ಅನಿಲ ವೈನಿನಲ್ಲಿ ಕರಗುತ್ತದೆ. ಫ್ರಾನ್ಸಿನ ಪಾದ್ರಿ ಡೊಮ್ ಪೆರಿನ್ಯೋನ್ ಇದನ್ನು ಕಂಡುಹಿಡಿದನೆಂಬ ಕಥೆ ಜನಪ್ರಿಯ. ಆದರೆ ಸಕ್ಕರೆ ಸೇರಿಸಿ ವೈನನ್ನು ನೊರೆಗೊಳಿಸುವ ಪದ್ಧತಿಯನ್ನು ಕ್ರಿಸ್ಟೋಫರ್ ಮೆರೆಟ್ ಎಂಬ ಇಂಗ್ಲಿಷ್ ವೈದ್ಯ 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದ.

ಈ ವಿದ್ಯೆ ನಮ್ಮ ರೈಲುದಾರಿಗೆ ಬಂದು ಮುಟ್ಟಿದ್ದು ಸ್ವಾರಸ್ಯದ ಸಂಗತಿ. ಟಿಟ್ವಾಳಾದ ಮೇಲೆ ಹಾದುಹೋಗುವ ಹಳಿ 1861ರಲ್ಲಿ ಕಸಾರಾ ತಲುಪಿತು. ಥಳ ಘಾಟವನ್ನೇರಿ 1865ರಲ್ಲಿ ಇಗತ್‌ಪುರಿ ಸೇರಿತು. ಘಾಟದ ಆಚೆಯ ನಾಸಿಕ ಜಿಲ್ಲೆ ಬಹುಕಾಲ ತಿನ್ನುವ ದ್ರಾಕ್ಷಿಗೇ ಹೆಸರಾಗಿತ್ತು. 1949ರ ಮುಂಬಯಿ ಪಾನನಿಷೇಧ ಕಾಯಿದೆಯ ನೆರಳಿನಲ್ಲಿ ವೈನಿನ ಮಾತೆತ್ತುವುದೂ ಕಷ್ಟವಿತ್ತು. 1980ರ ದಶಕದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವದಲ್ಲಿ ಶಾಮ್‌ರಾವ್ ಚೌಗುಲೆ ಫ್ರೆಂಚ್ ನೆರವಿನಿಂದ ನೊರೆವೈನ್ ತಯಾರಿಸಿ ವಿದೇಶಕ್ಕೂ ಕಳುಹಿಸಿದರು. ಅತ್ತ ನಮ್ಮ ದೊಡ್ಡಬಳ್ಳಾಪುರದಲ್ಲಿ, ನಂದಿಬೆಟ್ಟದ ತಪ್ಪಲಲ್ಲಿ, ಕನ್ವಲ್ ಗ್ರೋವರ್ 1988ರಲ್ಲಿ ಫ್ರೆಂಚ್ ತಳಿಯ ಬಳ್ಳಿಗಳನ್ನು ಹಬ್ಬಿಸಿದರು. ಸಲಹೆಗಾರರಾಗಿ ಬಂದ ಜಾರ್ಜ್ ವೆಸೆಲ್ ಫ್ರಾನ್ಸಿನ ಶಾಂಪೇನ್ ಪ್ರಾಂತದವರೇ. 2012ರಲ್ಲಿ ಗ್ರೋವರ್ ಸಂಸ್ಥೆ ಇಗತ್‌ಪುರಿ ತಾಲೂಕಿನ ಝಂಪಾ ವೈನರಿಯೊಡನೆ ಒಂದಾಯಿತು. ನಂದಿಯ ತಪ್ಪಲೂ ನಮ್ಮ ಕಸಾರಾ ಘಾಟದ ನೆತ್ತಿಯೂ ಹೀಗೆ ಬೀಗರಾದವು!

ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಗೆ ಉತ್ತೇಜನ ನೀಡುವ ನೀತಿಯನ್ನು ತಂದಿತು. ಕರ್ನಾಟಕ 2007ರಲ್ಲಿ ವೈನ್ ಮಂಡಳಿ ಸ್ಥಾಪಿಸಿತು. ರೈತನಿಗೆ ಇನ್ನೊಂದು ಮಾರುಕಟ್ಟೆ ಸಿಗಲಿ ಎಂಬುದು ಒಂದು ವಾದ. ಮನೆ ಹಾಳಾದೀತು ಎಂಬುದು ಎದುರು ವಾದ. 2022ರ ಜನವರಿಯಲ್ಲಿ ದೊಡ್ಡ ಅಂಗಡಿಗಳಲ್ಲಿ ವೈನ್ ಮಾರಲು ಮಹಾರಾಷ್ಟ್ರ ಸಂಪುಟ ಒಪ್ಪಿದಾಗ ಎರಡೂ ವಾದಗಳು ಬೀದಿಗೆ ಬಂದವು. ಎರಡನೆಯದನ್ನು ಹಳೆಯ ಕಾಲದವರ ಮಡಿಯೆಂದು ತಳ್ಳಿಹಾಕಲಾಗದು. ಗಿರಣಿ ಸಂಬಳದ ದಿನ ಗುತ್ತೆಯ ದಾರಿ ಹಿಡಿದ ಗಂಡಸರಿಗಾಗಿ ಚಾಳಿನ ಹೆಂಗಸರು ಎಷ್ಟು ಸಂಜೆ ಕಾದಿದ್ದಾರೆಂಬುದನ್ನು ಈ ಊರು ಬಲ್ಲದು.

ಇನ್ನು ಬಟ್ಟಲಿನ ವಿಷಯ. ಇಟಲಿಯ ದಕ್ಷಿಣ ಟಿರೋಲಿನಲ್ಲಿ 2005ರ ಸುಮಾರಿಗೆ ಹುಟ್ಟಿದ ‘ಹ್ಯೂಗೊ’ ಎಂಬ ಕಾಕ್‌ಟೇಲಿನಲ್ಲಿ ಎಲ್ಡರ್ ಎಂಬ ಬಿಳಿ ಹೂವಿನ ಪಾಕ, ಪುದೀನ, ನೊರೆವೈನ್ ಇರುತ್ತವೆ. ಎಲ್ಡರ್ ಹೂ ನಮ್ಮ ಪೇಟೆಯಲ್ಲಿ ಸಿಗದು. ಪನ್ನೀರು ಗುಲಾಬಿ ಇದೆಯಲ್ಲ! ಔಷಧ ಹೊಡೆಯದ, ಮನೆಯಂಗಳದ ಗುಲಾಬಿಯ ಎರಡು ಹಿಡಿ ಎಸಳುಗಳನ್ನು ತೊಳೆಯಿರಿ. 100 ಗ್ರಾಂ ಸಕ್ಕರೆಯನ್ನು 100 ಮಿಲಿ ಬಿಸಿನೀರಿನಲ್ಲಿ ಕರಗಿಸಿ, ಒಲೆಯಿಂದಿಳಿಸಿ ಎಸಳು ಹಾಕಿ ಮುಚ್ಚಿಡಿ. ಕುದಿಸಿದರೆ ಕಂಪು ಹಾರಿಹೋಗುತ್ತದೆ. ಆರಿದ ಮೇಲೆ ತಂಪುಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟು ಸೋಸಿ, ನಾಲ್ಕು ಹನಿ ನಿಂಬೆ ಹಿಂಡಿದರೆ ಬಣ್ಣ ಅರಳುತ್ತದೆ. ಲೋಟಕ್ಕೆ ಮೂರು ಚಮಚ ಪಾಕ, ಒಂದು ಚಮಚ ನಿಂಬೆರಸ; ಮೇಲೆ ಚೆನ್ನಾಗಿ ತಣಿಸಿದ, ಸಿಹಿಯಿಲ್ಲದ ನೊರೆವೈನ್ 100 ಮಿಲಿ. ಲೋಟವನ್ನು ವಾಲಿಸಿ ನಿಧಾನವಾಗಿ ಸುರಿಯಬೇಕು. ಕಲಕಿದರೆ ಗುಳ್ಳೆ ಸಾಯುತ್ತದೆ. ಪೂಜೆಗೆ ತಂದ ಹೂವನ್ನು ಹಾಕಬೇಡಿ, ಕಣಗಿಲೆಯಂತೂ ವಿಷ.

ಅದೇ ಪಾಕಕ್ಕೆ ವೈನಿನ ಬದಲು ಸೋಡಾ, ಒಂದಿಷ್ಟು ಬಿಳಿ ದ್ರಾಕ್ಷಿರಸ ಸೇರಿಸಿದರೆ ಅಜ್ಜಿಗೂ ಮೊಮ್ಮಗುವಿಗೂ ಒಂದೇ ಬಣ್ಣದ, ಒಂದೇ ಕಂಪಿನ ಲೋಟ ಸಿದ್ಧ. ಕುಡಿಯದವರಿಗೆ ಬರಿಯ ನೀರು ಕೊಟ್ಟು ಮೂಲೆಗೆ ಕೂರಿಸುವುದು ಉಪಚಾರವಲ್ಲ. ಬೇಡವೆಂದವರನ್ನು ಒತ್ತಾಯಿಸುವುದೂ ಅಲ್ಲ. ವೈನ್ ಇರಬೇಕೋ ಬೇಡವೋ ಎಂಬುದನ್ನು ಆಯಾ ಮನೆ ತೀರ್ಮಾನಿಸಲಿ. ಒಂಬೈನೂರು ವರ್ಷದ ಹೂವಿನ ಕಂಪು ಮಾತ್ರ ಎಲ್ಲರ ಲೋಟಕ್ಕೂ ಸಮನಾಗಿ ಬೀಳಲಿ.